ಕತ್ತು ತಿರುಗಿಸದವಳು

ಡ್ರೈವಿಂಗ್ ಪರೀಕ್ಷೆಗೆ ನನ್ನ ಸರದಿ ಕಾಯುತ್ತಿದ್ದೆ. ಆಗಷ್ಟೇ ಫೇಲಾದವಳೊಬ್ಬಳು ಅಕ್ಕನ ಜೊತೆ ಪಕ್ಕದ ಬೆಂಚಿಗೆ ಬಂದು ಕೂತಳು.

“ಕನ್ನಡಿ ನೋಡಲೇ ಇಲ್ಲ ಅಂತ ಇನ್ಸ್‌ಪೆಕ್ಟರ್ ಚೀಟಿಯಲ್ಲಿ ಬರೆದಿದ್ದಾರೆ. ಪ್ರತಿ ತಿರುವಿನಲ್ಲೂ ನೋಡಿದ್ದೆ, ಅಕ್ಕಾ!”

“ಕತ್ತು ತಿರುಗಿಸಿದ್ಯೇನೇ?”

“ಇಲ್ಲ, ಕಣ್ಣಷ್ಟೇ. ಇದು ಅನ್ಯಾಯ ತಾನೇ?”

“ಪಕ್ಕದಲ್ಲಿ ಕೂತವರಿಗೆ ಅದು ಹೇಗೆ ಕಾಣಬೇಕು, ಪೆದ್ದಿ?”

“ನಮ್ಮ ಯಜಮಾನರ ಜೊತೆ ಹೋಗುವಾಗ ಕತ್ತು ತಿರುಗಿಸಿದರೆ, ‘ಯಾರನ್ನು ನೋಡ್ತೀಯ’ ಅಂತಾರೆ. ಎಂಟು ವರ್ಷದ ಅಭ್ಯಾಸ.”



“ಲೈಸೆನ್ಸ್ ಇಲ್ಲದೆ ಸ್ಕೂಲ್ ವ್ಯಾನಿನ ಕೆಲಸ ಕೊಡಲ್ವಲ್ಲೇ.”

“ಇನ್ನೊಂದು ಸಲ ಬರ್ತೀನಿ. ಹಲ್ಲು ನೋವು, ಡಾಕ್ಟರ ಹತ್ತಿರ ಅಂತ ಹೇಳಿ ಬಂದಿದ್ದೀನಿ. ಫೇಲಾಗಿದ್ದು ಬಿಡು, ಇಲ್ಲಿಗೆ ಬಂದಿದ್ದನ್ನೇ ಯಾರಿಗೂ ಹೇಳಲ್ಲ. ನೀನೂ ಹೇಳಬೇಡ.”

ಚೀಟಿ ಹರಿದು ಅಕ್ಕನ ಚೀಲಕ್ಕೆ ಹಾಕಿದಳು. ಇಬ್ಬರೂ ಎದ್ದು ಹೋದರು. ರಸ್ತೆ ದಾಟುವಾಗಲೂ ಅವಳು ಕತ್ತು ತಿರುಗಿಸಲಿಲ್ಲ.