ಐದನೇ ಮಂಚದವಳು

ಹೇಳ್ತೀನಿ, ಆದ್ರೆ ಮಧ್ಯೆ ಬಾಯಿ ಹಾಕಬೇಡಿ. ಆಮೇಲೆ ಬಚ್ಚಲಿಗೆ ಹೋಗೋಕೆ ಭಯ ಅಂತ ನನ್ನನ್ನು ಎಬ್ಬಿಸಲೂ ಬೇಡಿ. ಇದು ಯಾರೋ ಎಲ್ಲೋ ಕೇಳಿ ಬಂದ ಕತೆ ಅಲ್ಲ. ನನ್ನ ಸ್ವಂತ ಅತ್ತಿಗೆಗೆ ಆಗಿದ್ದು.

ಆವತ್ತು ಅತ್ತಿಗೆ ಆಸ್ಪತ್ರೆಯ ಬಟ್ಟೆ ಕೋಣೆಗೆ ಬೀಗ ಹಾಕಿ ಹೊರಟಾಗ ಒಂಬತ್ತೂವರೆ. ಏಳು ತಿಂಗಳ ಬಸುರಿ. ಆಸ್ಪತ್ರೆಯ ಹಿಂದಿನ ಗೇಟಿನಿಂದ ಮನೆಗೆ ಹತ್ತು ನಿಮಿಷದ ದಾರಿ, ದಾರೀಲಿ ಒಂದು ಹಾಳು ಬಾವಿ. ಬಾಯಿಗೆ ಕಬ್ಬಿಣದ ಜಾಲರಿ. ನೀರು ಬತ್ತಿ ಮೂರು ವರ್ಷ ಆಗಿತ್ತು.

ಬಾವಿ ಹತ್ತಿರ ಬಂದಳು. ಕೇಳಿಸಿತು.

ತಟ್...

ನಿಂತಳು. ನಲ್ಲಿ ಇರಬೇಕು ಅಂದುಕೊಂಡಳು. ಆದ್ರೆ ಸುತ್ತಮುತ್ತ ನಲ್ಲಿ ಎಲ್ಲಿದೆ?

ತಟ್... ತಟ್...

ನೀರು ನೀರಿಗೆ ಬೀಳೋ ಸದ್ದು ಅಲ್ಲ ಅದು. ಅದಕ್ಕಿಂತ ದಪ್ಪ. ತಗಡಿನ ತಟ್ಟೆ ಮೇಲೆ ನಿಧಾನಕ್ಕೆ ಬೀಳೋ ಹಾಗೆ. ಆ ಸದ್ದು ಅವಳಿಗೆ ಗೊತ್ತಿತ್ತು. ಆಗ ಜಾಲರಿ ಕೆಳಗಿನಿಂದ, ಪಿಸುದನಿಯಲ್ಲಿ...

"ಅಕ್ಕಾ... ನಿಂದು ನಿಂತಿತಾ?"

ಏಳು ತಿಂಗಳ ಹೊಟ್ಟೆ ಹಿಡ್ಕೊಂಡು ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ಮನೆ ಬಾಗಿಲು ಹಾಕಿ, ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು.

ಆ ದನಿ ಯಾರದ್ದು ಅಂತ ಅವಳಿಗೆ ಗೊತ್ತು. ಮುಖ ಮಾತ್ರ ನೋಡಿರಲಿಲ್ಲ. ಎರಡು ವರ್ಷದ ಹಿಂದೆ, ಒಂದೇ ಒಂದು ರಾತ್ರಿ, ಪರದೆಯ ಆಚೆಯಿಂದ ಕೇಳಿದ್ದು.

ಆ ರಾತ್ರಿಯದ್ದು ಮೊದಲು ಹೇಳಬೇಕು. ಅತ್ತಿಗೆಯನ್ನ ಆಸ್ಪತ್ರೇಲಿ ಎಲ್ಲರೂ ಕರೀತಿದ್ದಿದ್ದು ಕಲೆ ಅಕ್ಕ ಅಂತ. ಹಾಡು ಕುಣಿತದ ಕಲೆ ಅಲ್ಲ, ಬಟ್ಟೆ ಮೇಲಿನ ಕಲೆ. ಯಾರಾದ್ರೂ ರಕ್ತದ ಬಟ್ಟೆ ನೆಲಕ್ಕೆ ಎಸೆದರೆ ಮುಗೀತು, ಅವರ ಮೈ ಮೇಲೇ ಬಿದ್ದ ಹಾಗೆ ಬೈತಿದ್ದಳು. ಹೆರಿಗೆ ಕೋಣೆಯ ಪ್ರತಿ ಮಂಚಕ್ಕೂ ಹತ್ತು ಬಟ್ಟೆಯ ಒಂದು ಕಟ್ಟು ಕಟ್ಟಿಡೋದು ಅವಳ ಕೆಲಸ. ಹತ್ತು ಅಂದ್ರೆ ಹತ್ತು. ಒದ್ದೆಯಾದ ಬಟ್ಟೆ ಅದದೇ ಮಂಚದ ಬಕೆಟ್ಟಿಗೆ. ನರ್ಸಮ್ಮ ಆ ಬಕೆಟ್ಟು ತೂಗಿ, ಹೆತ್ತವಳಿಗೆ ಎಷ್ಟು ರಕ್ತ ಹೋಯ್ತು ಅಂತ ಲೆಕ್ಕ ಹಾಕ್ತಿದ್ದರು.

ಮೊದಲನೇ ಹೆರಿಗೇಲಿ ಅತ್ತಿಗೆ ಮಲಗಿದ್ದು ನಾಲ್ಕನೇ ಮಂಚದಲ್ಲಿ. ಗಂಡುಮಗು ಆಯ್ತು. ಆಮೇಲೆ ರಕ್ತ ಶುರುವಾಯ್ತು, ನಿಲ್ಲಲೇ ಇಲ್ಲ. ಪರದೆ ಆಚೆ ಐದನೇ ಮಂಚದಲ್ಲಿ ಇನ್ನೊಬ್ಬಳು, ಅವಳಿಗೂ ಅದೇ ಗತಿ. ಎರಡೂ ಮಂಚದಿಂದ ಕೆಳಗಿನ ತಟ್ಟೆಗೆ ತಟ್... ತಟ್... ಅಂತ. ಪಾಪ, ಚಿಕ್ಕ ಹುಡುಗಿ ಇರಬೇಕು, ಪರದೆ ಆಚೆಯಿಂದ ಮತ್ತೆ ಮತ್ತೆ ಕೇಳ್ತಿದ್ದಳು. "ಅಕ್ಕಾ, ನಿಂದು ನಿಂತಿತಾ?"

ಅತ್ತಿಗೆ ಅರೆಪ್ರಜ್ಞೆಯಲ್ಲಿದ್ದಳು. ಆದ್ರೂ ಕೋಣೆ ಕೆಲಸದ ಆಯಾ ಐದನೇ ಮಂಚದ ಒದ್ದೆ ಬಟ್ಟೆಗಳನ್ನ ನೆಲಕ್ಕೆ ಹಾಕ್ತಿರೋದು ಪರದೆ ಕೆಳಗಿನಿಂದ ಕಣ್ಣಿಗೆ ಬಿತ್ತು. ಸಾಯೋ ಹೊತ್ತಲ್ಲೂ ಚಾಳಿ ಬಿಡುತ್ತಾ? "ನೆಲಕ್ಕೆ ಹಾಕಬೇಡ ಮಾರಾಯ್ತಿ, ಬಕೆಟ್ಟಿಗೆ ಹಾಕು" ಅಂದಳು. ಆಯಾ ಗಾಬರಿಯಲ್ಲಿ ಕೈಗೆ ಸಿಕ್ಕಿದ ಬಕೆಟ್ಟಿಗೆ ಹಾಕಿದಳು. ಅದು ನಾಲ್ಕನೇ ಮಂಚದ ಬಕೆಟ್ಟು.

ಆವತ್ತು ಆಸ್ಪತ್ರೇಲಿ ಇಬ್ಬರಿಗೂ ಹೊಂದೋ ರಕ್ತ ಇದ್ದಿದ್ದು ಒಂದೇ ಬಾಟಲಿ. ಬೇರೆ ಕಡೆಯಿಂದ ಬರೋಕೆ ಎರಡು ಗಂಟೆ. ಡಾಕ್ಟರು, ಯಾರಿಗೆ ಜಾಸ್ತಿ ಹೋಗಿದೆಯೋ ಅವರಿಗೆ ಕೊಡಿ ಅಂದರು. ತೂಗಿದರು. ಬಾಟಲಿ ಅತ್ತಿಗೆಗೆ ಬಂತು.

ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ಅಕ್ಕಾ... ನಿಂದು ನಿಂತಿತಾ?"

"ನಿಂತಿತು" ಅಂದಳು ಅತ್ತಿಗೆ.

ಬೇರೆ ಕಡೆಯಿಂದ ರಕ್ತ ಬರೋ ಹೊತ್ತಿಗೆ ಐದನೇ ಮಂಚದವಳು ಹೋಗಿಬಿಟ್ಟಿದ್ದಳು.

ಕೆಲಸಕ್ಕೆ ವಾಪಸ್ ಬಂದ ಮೊದಲ ದಿನವೇ ಅತ್ತಿಗೆ ಆ ರಾತ್ರಿಯ ಬಟ್ಟೆ ಲೆಕ್ಕದ ಪುಸ್ತಕ ತೆಗೆದು ನೋಡಿದಳು. ನಾಲ್ಕನೇ ಮಂಚದ ಬಕೆಟ್ಟಲ್ಲಿ ಹದಿನಾಲ್ಕು ಬಟ್ಟೆ. ಐದನೆಯದರಲ್ಲಿ ಆರು. ಹತ್ತು ಕೊಟ್ಟ ಕಡೆ ಹದಿನಾಲ್ಕು ಹೇಗಾಗುತ್ತೆ? ಬೇರೆಯವರಿಗೆ ಹೊಳೀಲಿಲ್ಲ, ಕಟ್ಟು ಕಟ್ಟೋಳಿಗೆ ಹೊಳೀದೆ ಇರುತ್ತಾ? ಪುಸ್ತಕ ಮುಚ್ಚಿದಳು. ಗಂಡನಿಗೂ ಹೇಳಲಿಲ್ಲ. ಎರಡು ವರ್ಷ ಅದು ಒಳಗೊಳಗೇ ಹುಳದ ಹಾಗೆ ಕೊರೀತಿತ್ತು.

ಈಗ ಬಾವಿಯ ಹತ್ತಿರ ಆಗಿದ್ದನ್ನ ಮಾತ್ರ ನಮ್ಮಣ್ಣನಿಗೆ ಹೇಳಿದಳು. ಅಣ್ಣ ಬಸ್ ಡ್ರೈವರು, ಎಲ್ಲದಕ್ಕೂ ಹಾಸ್ಯ. "ನೀರಿಲ್ಲದ ಬಾವೀಲಿ ದೆವ್ವ ಏನು ಮಾಡುತ್ತೆ? ಬಾಯಾರಿಕೆಯಾಗಿ ಅದೂ ಎದ್ದು ಹೋಗಿರುತ್ತೆ" ಅಂದ. ಅಂದೋನು ಆ ರಾತ್ರಿ ದೀಪ ಮಾತ್ರ ಆರಿಸಲಿಲ್ಲ.

"ಆ ಆಸ್ಪತ್ರೆ ಬೇಡ ಕಣ್ರೀ. ಅವಳು ನನ್ನನ್ನ ಕರ್ಕೊಂಡು ಹೋಗೋಕೆ ಕಾಯ್ತಿದಾಳೆ. ನಾನು ಹೋದ್ರೆ ದೊಡ್ಡವನ ಗತಿ ಏನು, ಈ ಕೂಸಿನ ಗತಿ ಏನು?" ಅಂತ ಅತ್ತಳು.

ಡಾಕ್ಟರು ಬಿಡಬೇಕಲ್ಲ. "ಒಂದು ಸಲ ಹಾಗೆ ರಕ್ತ ಹೋದವರಿಗೆ ಇನ್ನೊಂದು ಸಲವೂ ಹೋಗಬಹುದು. ಇಲ್ಲೇ ಬಾ. ನಿನಗೆ ಅಂತಲೇ ರಕ್ತ ತೆಗೆದಿಟ್ಟಿರ್ತೀನಿ" ಅಂದರು. ಸರಿ, ಇನ್ನೇನು ಮಾಡ್ತಾಳೆ.

ನೋವು ಶುರುವಾಗಿದ್ದು ಒಂದು ಸಂಜೆ. ನಾನೇ ಜೊತೆಗೆ ಹೋದೆ. ಒಳಗೆ ಬಿಡಲಿಲ್ಲ, ಹೊರಗೆ ಬೆಂಚಿನ ಮೇಲೆ ಕೂತೆ. ಬೇರೆ ಮಂಚಗಳನ್ನ ಬಣ್ಣ ಬಳಿಯೋಕೆ ಅಂತ ಹೊರಗಿಟ್ಟಿದ್ದರು, ಹೆರಿಗೆ ಕೋಣೇಲಿ ಇದ್ದಿದ್ದು ಎರಡೇ ಮಂಚ, ಎರಡೂ ಖಾಲಿ. ನಾಲ್ಕು, ಐದು. ನಾಲ್ಕಕ್ಕೇ ಮಲಗಿಸಿದರು. "ಪಕ್ಕದಲ್ಲಿ ಯಾರೂ ಇಲ್ಲ ತಾನೇ?" ಅಂತ ಅತ್ತಿಗೆ ಮೂರು ಸಲ ಕೇಳಿದಳಂತೆ. ನರ್ಸಮ್ಮ ಪರದೆ ಸರ್‍ರಂತ ಸರಿಸಿ, ಹಾಸಿಗೆ ತಟ್ಟಿ ತೋರಿಸಿ, ಮತ್ತೆ ಪರದೆ ಎಳೆದರಂತೆ.

ರಾತ್ರಿ ಒಂದು ಗಂಟೆಗೆ ಹೆಣ್ಣುಮಗು. ಇಂಜೆಕ್ಷನ್ ಕೊಟ್ಟರು. ನರ್ಸಮ್ಮ ಹೊಟ್ಟೆ ಮುಟ್ಟಿ, "ಕಲ್ಲಿನ ಹಾಗೆ ಗಟ್ಟಿಯಾಗಿದೆ, ರಕ್ತ ಜಾಸ್ತಿ ಹೋಗಿಲ್ಲ. ಧೈರ್ಯವಾಗಿರು ಕಲೆ ಅಕ್ಕ" ಅಂದರು. ಬಟ್ಟೆ ತೂಗಿದರು, ಸರಿಯಾಗಿತ್ತು. ಗೋಡೆ ಪಕ್ಕದ ತೊಟ್ಟಿಲಲ್ಲಿ ಮಗುವನ್ನ ಮಲಗಿಸಿ, ಬರೆಯೋಕೆ ಅಂತ ಪಕ್ಕದ ಕೋಣೆಗೆ ಹೋದರು. ಆಯಾ ಬಿಸಿನೀರಿಗೆ ಹೋದಳು.

ಅತ್ತಿಗೆ ಕಣ್ಣು ಮುಚ್ಚಿದಳು. ಮುಗೀತು, ಬದುಕಿದೆ ಅಂತ ಉಸಿರು ಬಿಟ್ಟಳು.

ತಟ್...

ಕಣ್ಣು ಬಿಟ್ಟಳು. ಪರದೆ ಆಚೆಯಿಂದ. ಖಾಲಿ ಮಂಚದ ಕಡೆಯಿಂದ.

ತಟ್... ತಟ್...

ಮಂಚದ ಸ್ಪ್ರಿಂಗು ಕಿರ್‍ರ್ ಅಂತು. ಯಾರೋ ಈ ಕಡೆ ಮಗ್ಗುಲಾದ ಹಾಗೆ. ಪರದೆ ಒಂದು ಕಡೆ ಸ್ವಲ್ಪ ಉಬ್ಬಿತು. ಬೆರಳು ಒತ್ತಿದ ಹಾಗೆ...

"ಅಕ್ಕಾ... ನಿಂದು ನಿಂತಿತಾ?"

ನಿಂತಿತು ಅಂದ್ರೆ ಏನಾಗುತ್ತೋ, ಇಲ್ಲ ಅಂದ್ರೆ ಏನಾಗುತ್ತೋ. ಪರದೆ ಇನ್ನೂ ಸ್ವಲ್ಪ ಹತ್ತಿರ ಬಂತು. ಆಗ ಅತ್ತಿಗೆಯ ಬಾಯಿಂದ ಎರಡು ವರ್ಷದಿಂದ ಹೂತಿಟ್ಟಿದ್ದ ಮಾತು ಹೊರಗೆ ಬಂತು.

"ಆವತ್ತು ಆ ಬಟ್ಟೆ ನಿಂದು ಕಣೇ. ನನ್ನ ಬಕೆಟ್ಟಿಗೆ ಬಿದ್ದವು. ನಾನೇ ಹಾಕು ಅಂದೆ. ಬಾಟಲಿ ನಿನಗೆ ಬರಬೇಕಿತ್ತು. ತಪ್ಪಾಯ್ತು... ನನ್ನ ಮಕ್ಕಳ ಮುಖ ನೋಡಿ ಬಿಟ್ಟುಬಿಡು."

ಆಮೇಲೆ, ಕಿವಿಯ ಹತ್ತಿರವೇ, ಮೆಲ್ಲಗೆ...

"ಅದು ಗೊತ್ತು ಅಕ್ಕಾ. ಈಗ ನಿಂದು ನಿಂತಿತಾ?"

ಅತ್ತಿಗೆ ಕೈಯನ್ನ ಬೆನ್ನ ಕೆಳಗೆ ಹಾಕಿದಳು. ಬೆಚ್ಚಗೆ. ಒದ್ದೆ. ಹಾಸಿಗೆ ಗುಂಡಿ ಬಿದ್ದಿದ್ದ ಕಡೆ ರಕ್ತ ಕೆರೆ ಕಟ್ಟಿಕೊಂಡಿತ್ತು, ಒಂದು ಹನಿಯೂ ಕೆಳಗೆ ಬಿದ್ದಿರಲಿಲ್ಲ. ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ಕೂಗೋಣ ಅಂದ್ರೆ ದನಿ ಇಲ್ಲ. ಇದ್ದಬದ್ದ ಶಕ್ತಿ ಎಲ್ಲ ಕಾಲಿಗೆ ತಂದು ಬಕೆಟ್ಟು ಒದ್ದಳು. ಧಡಾರ್ ಅಂತು. ಗಡಗಡ ಅಂತ ಬಾಗಿಲ ತನಕ ಉರುಳಿತು.

ಆಮೇಲೆ ಬರೀ ಓಡಾಟ. ನರ್ಸಮ್ಮ ಮುಷ್ಟಿ ಕಟ್ಟಿ ಹೊಟ್ಟೆ ಒತ್ತುತ್ತಾ, ಡಾಕ್ಟರು ಬಾಟಲಿ ಏರಿಸುತ್ತಾ, ಆಯಾ ಗಾಡಿ ತಳ್ಳುತ್ತಾ ನನ್ನ ಮುಂದೆಯೇ ಆಪರೇಷನ್ ಕೋಣೆಗೆ ನುಗ್ಗಿದರು. ಅತ್ತಿಗೆಯ ಮುಖ ಸುಣ್ಣದ ಹಾಗಿತ್ತು. ನಾನು ಆ ಬಾಗಿಲ ಮುಂದೆ ಒಂದು ಗಂಟೆ ನಿಂತಿದ್ದೆ. ಡಾಕ್ಟರು ಹೊರಗೆ ಬಂದು, "ಉಳ್ಕೊಂಡಳು. ಇನ್ನೂ ಹತ್ತು ನಿಮಿಷ ತಡವಾಗಿದ್ರೆ ಕೈ ಮೀರಿ ಹೋಗ್ತಿತ್ತು" ಅಂದಾಗ ನಾನು ಜೋರಾಗಿ ಅತ್ತೆ.

ಆಗ ಡಾಕ್ಟರ ಹಿಂದೆಯೇ ಹೊರಗೆ ಬಂದ ಆಯಾ ಹಣೆ ಚಚ್ಚಿಕೊಂಡಳು. "ಅಯ್ಯೋ, ಮಗು!"

ನಿಜ. ಆ ಗಡಿಬಿಡೀಲಿ ಹಸುಗೂಸನ್ನ ಎಲ್ಲರೂ ಮರೆತಿದ್ದೆವು. ಒಂದು ಗಂಟೆ. ಹುಟ್ಟಿದ ಮೇಲೆ ಒಂದು ತೊಟ್ಟೂ ಬಾಯಿಗೆ ಬಿದ್ದಿರಲಿಲ್ಲ. ಅತ್ತು ಅತ್ತು ಏನಾಗಿದೆಯೋ ಅಂತ ಇಬ್ಬರೂ ಓಡಿದೆವು. ಕೋಣೇಲಿ ಒಂದು ನರಪಿಳ್ಳೆಯೂ ಇಲ್ಲ. ಪರದೆ ಪೂರ್ತಿ ಸರಿದಿತ್ತು. ಮಗು ತೊಟ್ಟಿಲಲ್ಲಿ ಇರಲಿಲ್ಲ.

ಐದನೇ ಮಂಚದ ಮಧ್ಯದಲ್ಲಿ ಮಲಗಿತ್ತು. ಬೀಳದ ಹಾಗೆ ಎರಡೂ ಪಕ್ಕ ದಿಂಬು.

ಆಯಾ ಹೋಗಿ ಸ್ವಲ್ಪ ಹಾಲು ಬೆಚ್ಚಗೆ ಮಾಡಿ, ಚಮಚದಲ್ಲಿ ತಂದು ಮಗುವಿನ ತುಟಿಗೆ ಹಿಡಿದಳು. ಮಗು ಮುಖ ತಿರುಗಿಸಿತು. ಇನ್ನೊಂದು ಸಲ ಹಿಡಿದಳು. ಬೇಡ ಅಂತು. ಹೊಟ್ಟೆ ತುಂಬಿದ ಮಗು ಹೇಗೆ ತೇಗುತ್ತೆ, ಹಾಗೆ ಸಣ್ಣಗೆ ತೇಗಿತು.

ಚಮಚದ ಹಾಲು ಒಂದು ಹನಿಯೂ ಕಮ್ಮಿಯಾಗಿರಲಿಲ್ಲ, ಆದ್ರೂ ಬಾಯಿಯ ಅಂಚಲ್ಲಿ ಹಾಲು ಇಳೀತಿತ್ತು. ನಂಬಿ, ಬಿಡಿ, ನಿಮ್ಮಿಷ್ಟ. ಒರೆಸಿದ್ದು ನಾನೇ, ಈ ಬೆರಳಿಂದ. ಇನ್ನೂ ಬೆಚ್ಚಗಿತ್ತು.