ಬಾಲವಿರುವ ಸವತಿಯರು

ಇದು ನನ್ನ ಚಿಕ್ಕಮ್ಮನ ಮಗಳು ಥೋಹಿರಾಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದಲ್ಲ. ಅವಳು ಈಗಲೂ ನಮ್ಮ ಫೆಹಿಫುಶಿ ದ್ವೀಪದಲ್ಲೇ ಇದ್ದಾಳೆ, ಬೇಕಾದರೆ ರಾಜಧಾನಿ ಮಾಲೆಯಿಂದ ದೋಣಿ ಹತ್ತಿ ಹೋಗಿ ಕೇಳಿ. ಬಾಯಿ ಬಿಡುತ್ತಾಳೋ ಇಲ್ಲವೋ... ಅದು ಬೇರೆ ಮಾತು.

ಆವತ್ತು ರೆಸಾರ್ಟಿನ ಬಟ್ಟೆ ಒಗೆಯುವ ಮನೆಯಲ್ಲಿ ಅವಳ ಕೆಲಸ ಮುಗಿದಾಗ ಹನ್ನೊಂದು ದಾಟಿತ್ತು. ರೆಸಾರ್ಟಿರುವ ಪುಟ್ಟ ದ್ವೀಪಕ್ಕೂ ನಮ್ಮೂರಿಗೂ ನಡುವೆ, ಸಮುದ್ರದ ಮೇಲೆ ನಡೆದು ದಾಟಲು, ಒಂದು ಕಲ್ಲಿನ ದಂಡೆ. ದಂಡೆ ಇಳಿದರೆ ಹಳೆ ಮಸೀದಿ, ಮಸೀದಿಯ ಬಾವಿ, ಬಾವಿಯ ಮೇಲೆ ಕವಿದುಕೊಂಡ ಆಲ. ದಿನಾ ನಡೆಯುವ ದಾರಿ. ಚಪ್ಪಲಿ ಮರಳಲ್ಲಿ ಚಸ್... ಚಸ್... ಅನ್ನುತ್ತಿತ್ತು. ಗಾಳಿ ಇರಲಿಲ್ಲ. ಆಲದ ಬಿಳಲು ಒಂದೂ ಅಲುಗುತ್ತಿರಲಿಲ್ಲ.

ಬಾವಿಯ ಹತ್ತಿರ ಬಂದಳು.

ಟಕ್-ಟಕ್... ಟಕ್.

ನಿಂತಳು.

ಟಕ್-ಟಕ್... ಟಕ್.

ಕಲ್ಲಿಗೆ ಕಲ್ಲು ತಾಗುವ ಸದ್ದು. ಆದರೆ ಬಯಲಲ್ಲಿ ತಾಗಿದ್ದಲ್ಲ. ನೀರಿನೊಳಗೆ ತಾಗಿದ್ದು. ಕಿವಿಗೆ ಹತ್ತಿ ಇಟ್ಟುಕೊಂಡು ಕೇಳಿದ ಹಾಗೆ, ಮಂದವಾಗಿ, ಬಾವಿಯ ತಳದಿಂದ ಬರುತ್ತಿತ್ತು. ಮೊದಲೆರಡು ಒತ್ತೊತ್ತಾಗಿ, ಒಂದು ಉಸಿರು ಬಿಟ್ಟು ಮೂರನೆಯದು. ಹಾಗೆ ಕುಟ್ಟಲು ಬರುತ್ತಿದ್ದವರು ಊರಲ್ಲಿ ಮೂವರೇ. ಒಬ್ಬ ಅವಳ ಗಂಡ ಅಫೀಫ್. ಅವನು ಮನೆಯಲ್ಲಿ ಮಲಗಿದ್ದ. ಇನ್ನೊಬ್ಬಳು ಥೋಹಿರಾಳೇ. ಮೂರನೆಯವಳು ಅಫೀಫನ ಮೊದಲ ಹೆಂಡತಿ ಸಕೀನಾ... ಅವಳು ಸತ್ತು ನಾಲ್ಕು ವರ್ಷವಾಗಿತ್ತು.

ಥೋಹಿರಾ ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು.

ಈಗ ಹಿಂದಿನದನ್ನು ಸ್ವಲ್ಪ ಹೇಳಬೇಕು. ಅಫೀಫ್ ರೆಸಾರ್ಟಿನಲ್ಲಿ ಡೈವಿಂಗ್ ಕಲಿಸುವವನು. ದೋಣಿ ಗೀಣಿ ಇಲ್ಲ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಪ್ರವಾಸಿಗರನ್ನು ದಡದಿಂದಲೇ ನಡೆಸಿಕೊಂಡು ನೀರಿಗಿಳಿಸಿ, ಹವಳದ ಅಂಚು ತೋರಿಸಿ ಕರೆತರುವುದು ಅವನ ಕೆಲಸ. ಸಕೀನಾ ಬದುಕಿದ್ದಾಗ ಹೊತ್ತು ಮುಳುಗುವ ಸಮಯಕ್ಕೆ ಮನೆಯ ಹಿಂದಿನ ದಡದಲ್ಲಿ ಮೀನು ಹಸನು ಮಾಡುತ್ತಿದ್ದಳು. ತಲೆ, ಕರುಳು ಎಲ್ಲ ಒಂದು ಡಬ್ಬಕ್ಕೆ ಹಾಕಿ, ಮೊಣಕಾಲುದ್ದ ನೀರಿಗಿಳಿದು, ಎರಡು ಕಲ್ಲು ಮುಳುಗಿಸಿ ಕುಟ್ಟುತ್ತಿದ್ದಳು. ಅಷ್ಟೇ. ತೊರಕೆ ಮೀನುಗಳು ಬರುತ್ತಿದ್ದವು. ಬುಟ್ಟಿಯ ಮುಚ್ಚಳದಂಥ ಚಪ್ಪಟೆ ಮೈ, ಚಾಟಿಯಂಥ ಬಾಲ, ಬಾಲದಲ್ಲಿ ವಿಷದ ಮುಳ್ಳು. ಒಟ್ಟು ಹನ್ನೊಂದು. ಎಲ್ಲಕ್ಕಿಂತ ದೊಡ್ಡದನ್ನು ಅವಳು 'ದೊಡ್ಡವಳು' ಅಂತಲೇ ಕರೆಯುತ್ತಿದ್ದಳು. ಅವಳ ಪಾದದ ಮೇಲೆ ಬಂದು ಮಲಗುತ್ತಿತ್ತು ಅದು, ಬೆಕ್ಕಿನ ಹಾಗೆ.

ಸಕೀನಾಗೆ ಜ್ವರ ಬಂತು. ಮಾಲೆಯ ಆಸ್ಪತ್ರೆಗೆ ಸಾಗಿಸುವಾಗ ದೋಣಿಯಲ್ಲೇ ಪ್ರಾಣ ಬಿಟ್ಟಳು. ಕಲ್ಲು ಕುಟ್ಟುವುದನ್ನು ಅಫೀಫ್ ಮುಂದುವರಿಸಿದ.

ಎರಡು ವರ್ಷ ಕಳೆದು ಥೋಹಿರಾಳನ್ನು ಮದುವೆಯಾದ. ಒಳ್ಳೆಯವನೇ. ಬೈದವನಲ್ಲ, ಹೊಡೆದವನಲ್ಲ. ಆದರೆ ಸಂಜೆಯಾದರೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ.

"ಇವತ್ತೊಂದಿನ ಇರು. ಮೀನಿನ ರೊಟ್ಟಿ ಬಿಸಿಯಾಗಿದೆ," ಅನ್ನುತ್ತಿದ್ದಳು ಇವಳು.

"ಬಂದ್ಬಿಡ್ತೀನಿ. ಅವು ಕಾಯ್ತಿರ್ತಾವೆ."

"ನಾನು ಕಾಯಲ್ವಾ?"

"ನಿಂಗೆ ಬಾಯಿದೆ, ಕೇಳ್ತೀಯ. ಪಾಪ, ಅವಕ್ಕೆಲ್ಲಿದೆ?"

ಇವಳು ತೆಂಗಿನ ಮರದ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಅವನು ಸೊಂಟ ಬಾಗಿಸಿ, ನೀರಿಗೆ ಮುಖ ತಂದು, "ಬಾ ದೊಡ್ಡವಳೇ... ಬಾರೇ ನನ್ನಮ್ಮ..." ಅನ್ನುತ್ತಿದ್ದ. ಆ ದನಿ! ಎರಡು ವರ್ಷದ ಸಂಸಾರದಲ್ಲಿ ಆ ದನಿ ಒಂದು ಸಲವೂ ಅವಳ ಕಿವಿಗೆ ಬಿದ್ದಿರಲಿಲ್ಲ. ಸಕೀನಾ ಬಟ್ಟೆ ಬಿಟ್ಟು ಹೋಗಿದ್ದರೆ ಸುಡಬಹುದಿತ್ತು. ಫೋಟೋ ಬಿಟ್ಟು ಹೋಗಿದ್ದರೆ ಹರಿಯಬಹುದಿತ್ತು. ಅವಳು ಮನೆಯಲ್ಲಿ ಏನನ್ನೂ ಬಿಟ್ಟಿರಲಿಲ್ಲ. ಸಮುದ್ರದಲ್ಲಿ ಬಿಟ್ಟು ಹೋಗಿದ್ದಳು.

ಪಕ್ಕದ ಮನೆಯ ಮುದುಕಿ ಕುಡ ಹವ್ವಾ ಬೇರೆ ಬೇಲಿಯ ಮೇಲಿಂದ ಗಾಯಕ್ಕೆ ಉಪ್ಪು ಸವರುತ್ತಿದ್ದಳು. "ಏನೇ ಥೋಹಿರಾ, ಗಂಡ ಸವತಿಯರ ಹತ್ರ ಹೋದ್ನಾ?"

"ಸವತಿ ಸತ್ತು ಮಣ್ಣಾದ್ಲು ಅಜ್ಜೀ."

"ಒಬ್ಬಳು ಸತ್ಲು ಕಣೇ. ಬಾಲ ಇರೋರು ಹನ್ನೊಂದು ಜನ ಇದಾರಲ್ಲ!"

ಅಜ್ಜಿ ನಗುತ್ತಿದ್ದಳು. ಥೋಹಿರಾಳೂ ನಗುತ್ತಿದ್ದಳು. ನಕ್ಕು ಒಳಗೆ ಬಂದು ಪಾತ್ರೆ ಕುಕ್ಕುತ್ತಿದ್ದಳು.

ಆ ಹೊತ್ತಿಗೇ ರೆಸಾರ್ಟಿಗೆ ಹೊಸ ಮ್ಯಾನೇಜರ್ ಬಂದ. ನೀರಿನ ಮೇಲೆ ಕಟ್ಟಿದ ಕೋಣೆಗಳ ಹಿಂದೆ ಬಲೆ ಕಟ್ಟಿ ತೊರಕೆ ಬಿಡಬೇಕು, ಅತಿಥಿಗಳು ಕಾಲು ನೆನೆಸಿಕೊಂಡು ಮುಟ್ಟಿ ಫೋಟೋ ತೆಗೆಸಿಕೊಳ್ಳಬೇಕು, ಇದು ಅವನ ಯೋಚನೆ. ಅಫೀಫನನ್ನು ಕೇಳಿದ. "ಅವನ್ನ ಹಿಡಿಯೋದು ತಪ್ಪು ಸಾರ್, ಕಾನೂನೇ ಇದೆ," ಅಂದ ಅಫೀಫ್. ಮ್ಯಾನೇಜರ್ ಮುಗುಳ್ನಕ್ಕ. ಆಮೇಲೆ ಬಟ್ಟೆ ಒಗೆಯುವ ಮನೆಗೆ ಬಂದ.

"ಇದು ಹಿಡಿಯೋದಲ್ಲಮ್ಮಾ, ಸಾಕೋದು," ಅಂದ. "ಅವು ಬರೋದು ಹೇಗೆ ಅಂತ ನಿಂಗೆ ಗೊತ್ತಂತೆ. ನಿಂಗೇನು ಬೇಕು, ಕೇಳು."

"ಏನೂ ಬೇಡ," ಅಂದಳು ಥೋಹಿರಾ. "ನಮ್ಮ ದಡದಲ್ಲಿ ಒಂದೂ ಉಳೀಬಾರ್ದು. ಅಷ್ಟೇ."

ಡೈವಿಂಗ್ ಪರವಾನಗಿ ಹೊಸದು ಮಾಡಿಸಲು ಅಫೀಫ್ ಮಾಲೆಗೆ ಹೋದ ದಿನ, ಹೊತ್ತು ಮುಳುಗುವಾಗ, ಥೋಹಿರಾ ತಾನೇ ನೀರಿಗಿಳಿದಳು. ಎರಡು ಕಲ್ಲು. ಟಕ್-ಟಕ್... ಟಕ್. ಬರಲಾರವು ಅಂದುಕೊಂಡಿದ್ದಳು. ಬಂದವು. ಮೊದಲು ನೆರಳು, ಆಮೇಲೆ ಮೈ. ಒದ್ದೆ ರೇಷ್ಮೆ ಸವರಿದ ಹಾಗೆ ಕಾಲಿಗೆ ತಾಕಿದವು. ದೊಡ್ಡವಳು ಬಂದು ಅವಳ ಪಾದದ ಮೇಲೆ ಮಲಗಿತು. 'ನನ್ನ ಹತ್ತಿರವೂ ಬಂತಲ್ಲಾ' ಅನ್ನಿಸಿತು. ಮರುಗಳಿಗೆಗೆ ಅನ್ನಿಸಿದ್ದು, 'ಸಕೀನಾ ಅಂದುಕೊಂಡು ಬಂದಿದೆ.'

ಕೈ ಎತ್ತಿ ಸನ್ನೆ ಮಾಡಿದಳು. ಎರಡೂ ಕಡೆಯಿಂದ ರೆಸಾರ್ಟಿನ ಆಳುಗಳ ಬಲೆ ಬಂತು.

ಅಫೀಫ್ ಮರಳಿ ಬಂದು ಮೂರು ಸಂಜೆ ಕಲ್ಲು ಕುಟ್ಟಿದ. ನೀರು ಖಾಲಿ. ನಾಲ್ಕನೆಯ ದಿನ ರೆಸಾರ್ಟಿನ ಹಿಂದೆ ಕಂಡ. ಬಲೆಯ ಗೋಡೆ, ಒಳಗೆ ಹನ್ನೊಂದು ತೊರಕೆ, ಸುತ್ತುತ್ತಲೇ ಇದ್ದವು. ಮುಳ್ಳುಗಳನ್ನು ಇಕ್ಕಳದಲ್ಲಿ ಕತ್ತರಿಸಿದ್ದರು. ಕೈಯಲ್ಲಿ ಶರಬತ್ತಿನ ಗ್ಲಾಸು ಹಿಡಿದ ಒಬ್ಬ ದೊಡ್ಡವಳನ್ನು ನೀರಿನಿಂದ ಅರ್ಧ ಮೇಲೆತ್ತಿ ಮುತ್ತು ಕೊಡುತ್ತಿದ್ದ. ಸುತ್ತ ನಗು.

ಅಫೀಫ್ ಮನೆಗೆ ಬಂದು ಅಂಗಳದ ಹಗ್ಗದ ಕುರ್ಚಿಯಲ್ಲಿ ಕೂತ. ಇನ್ನು ಸಂಜೆ ಪೂರ್ತಿ ಅವನು ಮನೆಯಲ್ಲೇ. ಥೋಹಿರಾ ಬಯಸಿದ್ದು ಅದನ್ನೇ ತಾನೇ? ಬಿಸಿ ರೊಟ್ಟಿ ತಂದಿಟ್ಟಳು. ಆರಿ ಗಟ್ಟಿಯಾಯಿತು. ರಾತ್ರಿ ನಿದ್ದೆಯಲ್ಲಿ ಅವನು ಒಂದೇ ಮಾತು ಅನ್ನುತ್ತಿದ್ದ. "ಸಕೀನಾ... ಅವನ್ನ ಕಾಪಾಡೋಕಾಗ್ಲಿಲ್ಲ ಕಣೇ..."

ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು ಇವಳು. ಹೊಟ್ಟೆಯ ಕಿಚ್ಚು ಆರಿರಲಿಲ್ಲ. ಹೆಚ್ಚಾಗಿತ್ತು.

ಬಾವಿಯಲ್ಲಿ ಸದ್ದು ಕೇಳಿಸಿದ್ದು ಆ ವಾರದಲ್ಲೇ. ಮಾರನೆಯ ರಾತ್ರಿ ಜೊತೆಗೊಬ್ಬಳನ್ನು ಕರೆದುಕೊಂಡು ಬಂದಳು. ಏನೂ ಇಲ್ಲ. ಮೂರನೆಯ ರಾತ್ರಿ ಮತ್ತೆ ಒಬ್ಬಳೇ. ಮೋಡ ಕವಿದಿತ್ತು. ದಂಡೆ ಇಳಿಯುವಾಗಲೇ ಕಂಡಿತು. ಬಾವಿಯ ಕಟ್ಟೆಯ ಬಳಿ ಯಾರೋ ಹೆಂಗಸು, ಇತ್ತ ಬೆನ್ನು. ಉದ್ದನೆಯ ಕೋಲಿಗೆ ಕಟ್ಟಿದ ಡಬ್ಬದಲ್ಲಿ ನೀರು ಸೇದಿ ಸೇದಿ ತನ್ನ ಕಾಲ ಮೇಲೆ ಹೊಯ್ದುಕೊಳ್ಳುತ್ತಿದ್ದಳು. ಹೊತ್ತಲ್ಲದ ಹೊತ್ತಲ್ಲಿ ಯಾರಿದು ಅಂದುಕೊಂಡು ಥೋಹಿರಾ ಹತ್ತು ಹೆಜ್ಜೆ ಬಂದಳು.

ನೀರು ಸುರಿಯುತ್ತಿತ್ತು... ಸದ್ದಿರಲಿಲ್ಲ.

ಡಬ್ಬ ಕಟ್ಟೆಗೆ ತಾಗುತ್ತಿತ್ತು... ಸದ್ದಿರಲಿಲ್ಲ.

ಥೋಹಿರಾ ಮುಂದೆ ಹೋಗಲಿಲ್ಲ.

"ನನ್ನ ಒಲೆ ನೀನು ತಗೊಂಡೆ," ಅಂದಳು ಆ ಹೆಂಗಸು. ಪಿಸುಮಾತು. ತಿರುಗಲಿಲ್ಲ. "ನಾನು ಸುಮ್ಮನಿದ್ದೆ."

...

"ಹಾಸಿಗೆ ತಗೊಂಡೆ. ಸುಮ್ಮನಿದ್ದೆ."

...

"ಅವುಗಳನ್ನೂ ತಗೊಂಡ್ಯಾ?"

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಬಿದ್ದು ಸಾಯುತ್ತಿದ್ದರು. ನಮ್ಮ ಥೋಹಿರಾಗೆ ಭಯದ ಜೊತೆಗೇ ಎರಡು ವರ್ಷದ ಸಿಟ್ಟೂ ಉಕ್ಕಿತು. ಅವಳೂ ಪಿಸುಗುಟ್ಟಿದಳು.

"ಅವನನ್ನ ನಾನೆಲ್ಲಿ ತಗೊಂಡೆ? ನಿದ್ದೇಲೂ ನಿನ್ನ ಹೆಸರೇ ಹೇಳ್ತಾನೆ. ಸತ್ತ ಮೇಲೂ ಬಿಟ್ಟು ಕೊಟ್ಟಿಲ್ಲ ನೀನು. ನಂಗೇನು ಉಳಿಸಿದ್ದೀಯ? ಹೇಳು!"

ಹೆಂಗಸಿನ ಕೈ ನಿಂತಿತು. ಆಲದಿಂದ ಒಂದು ಹಣ್ಣು ಉದುರಿತು. ಪಟ್. ಆ ಸದ್ದು ಮಾತ್ರ ಕೇಳಿಸಿತು.

"ದೊಡ್ಡವಳ ಹೊಟ್ಟೇಲಿ ಮರಿ ಇದೆ," ಅಂದಳು. ಈ ಸಲ ದನಿಯಲ್ಲಿ ಜಗಳ ಇರಲಿಲ್ಲ. "ನಾಳೆ ಹೆರ್ತಾಳೆ... ಆ ಅತಿಥಿಗಳ ಕಾಲಡಿಯಲ್ಲಿ."

ಥೋಹಿರಾ ರೆಪ್ಪೆ ಬಡಿದಳು. ಕಟ್ಟೆಯ ಬಳಿ ಯಾರೂ ಇರಲಿಲ್ಲ.

ಅವಳು ಮನೆಯ ಕಡೆ ಓಡಲಿಲ್ಲ. ಬಂದ ದಾರಿಯಲ್ಲೇ, ದಂಡೆಯ ಮೇಲೆ, ರೆಸಾರ್ಟಿಗೆ ಓಡಿದಳು. ಯಾಕೆ ಅಂತ ನಾನು ಕೇಳಿದ್ದೇನೆ. "ಗೊತ್ತಿಲ್ಲ," ಅಂದಳು. "ಅವತ್ತು ಪಾದದ ಮೇಲೆ ಮಲಗಿತ್ತಲ್ಲ... ಅದು ಭಾರವಾಗಿತ್ತು." ಬಟ್ಟೆ ಒಗೆಯುವ ಮನೆಯಿಂದ ಹಾಸಿಗೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದುಕೊಂಡಳು. ದಡದ ಕಡೆಯಿಂದ ಸೊಂಟದುದ್ದ ನೀರಿಗಿಳಿದಳು. ಮಳೆ ಶುರುವಾಯಿತು. ನೈಲಾನು ಒಂದೊಂದೇ ಎಳೆ... ಕಟಕ್... ಕಟಕ್... ತೋಳುದ್ದ ಸೀಳು ಮಾಡುವಷ್ಟರಲ್ಲಿ ಬೆರಳಿಗೆ ಬೊಬ್ಬೆ ಬಂದವು. ತಳದಿಂದ ಎರಡು ಕಲ್ಲು ಹೆಕ್ಕಿ ಕುಟ್ಟಿದಳು.

ಟಕ್-ಟಕ್... ಟಕ್.

ಬರಲಿಲ್ಲ. ಯಾಕೆ ಬರಬೇಕು? ಅವಳ ಕರೆ ನಂಬಿಯೇ ತಾನೇ ಸಿಕ್ಕಿಬಿದ್ದದ್ದು?

"ದೊಡ್ಡವಳೇ," ಅಂದಳು. "ಬಾರೇ... ಬಾ ನನ್ನಮ್ಮ." ಹೇಳುತ್ತಾ ಅಳು ಬಂತು.

ಆಗ ಆಚೆ ಬದಿಯಿಂದ, ಆಳದ ಕಡೆಯಿಂದ, ಉತ್ತರ ಬಂತು. ಟಕ್-ಟಕ್... ಟಕ್. ತೊರಕೆಗಳು ಒಟ್ಟಿಗೇ ಆ ಕಡೆ ತಿರುಗಿದವು. ಸುಯ್... ಅಂತ ನೀರು ಸೀಳಿದ ಸದ್ದು. ಆಮೇಲೆ ಮಳೆ ಮಾತ್ರ.

ಬೆಳಗಿನ ಬಾಂಗಿಗೆ ಮುಂಚೆ ಅಫೀಫನನ್ನು ಎಬ್ಬಿಸಿ ಎಲ್ಲವನ್ನೂ ಹೇಳಿದಳು. ಕಲ್ಲು ಕುಟ್ಟಿದ್ದು ತಾನೇ, ಸನ್ನೆ ಮಾಡಿದ್ದು ತಾನೇ, ಬಿಟ್ಟದ್ದೂ ತಾನೇ. ಒದ್ದೆ ಬಟ್ಟೆಯಲ್ಲೇ ನಿಂತಿದ್ದಳು. ಹೊರಗೆ ಹಾಕುತ್ತಾನೆ ಅಂದುಕೊಂಡಿದ್ದಳು. ಅವನು ಕೇಳಿದ್ದು ಒಂದೇ.

"ಮೊದಲನೇ ಸಲ ಕುಟ್ಟಿದಾಗ... ನಿನ್ನ ಹತ್ರಾನೂ ಬಂದ್ವಾ?"

"ಬಂದ್ವು."

"ದೊಡ್ಡವಳು?"

"ಪಾದದ ಮೇಲೆ ಮಲಗಿದ್ಲು."

ಅಫೀಫ್ ಗೋಡೆಗೆ ತಲೆಯಿಟ್ಟು ಅತ್ತ. ಒಂದು ತಿಂಗಳು ಅವಳ ಜೊತೆ ಮಾತಾಡಲಿಲ್ಲ. ಆದರೆ ಅವಳು ಬಡಿಸಿದ್ದನ್ನು ಉಂಡ. ಈಗ ಅವರಿಗೊಂದು ಹೆಣ್ಣುಮಗು. ಸಂಜೆ ಮೂವರೂ ದಡಕ್ಕೆ ಹೋಗುತ್ತಾರೆ, ಕಲ್ಲು ಕುಟ್ಟುವುದಿಲ್ಲ. ಸುಮ್ಮನೆ ಕೂರುತ್ತಾರೆ.

ರೆಸಾರ್ಟಿನವರು ಕೂಗಾಡಿದರು, ಅಷ್ಟೇ. ಹಿಡಿಯಬಾರದ್ದನ್ನು ಹಿಡಿದವರು ಪೊಲೀಸರಿಗೆ ಏನಂತ ದೂರು ಕೊಡುತ್ತಾರೆ?

ಇದಿಷ್ಟು ಥೋಹಿರಾ ಹೇಳಿದ್ದು. ಇನ್ನು ಮುಂದಿನದು ನಾನೇ ಕಂಡದ್ದು. ಆಗ ನಾನು ರೆಸಾರ್ಟಿನ ದೋಣಿಯಲ್ಲಿದ್ದೆ. ಬೆಳಗ್ಗೆ ಹಾಳಾದ ಬಲೆ ಎಳೆಯಲು ನಮ್ಮನ್ನೇ ಕಳಿಸಿದರು. ದಡದ ಕಡೆ ಕತ್ತರಿಯ ಸೀಳು ಇತ್ತು, ತೋಳುದ್ದ. ಸರಿ. ಆಚೆ ಬದಿ, ಎರಡಾಳು ನೀರಿರುವಲ್ಲಿ, ಬಲೆಯನ್ನು ಕಂಬಗಳಿಗೆ ಬಿಗಿದ ಹಗ್ಗ ಪೂರ್ತಿ ಬಿಚ್ಚಿತ್ತು. ಕತ್ತರಿಸಿದ್ದಲ್ಲ. ಒಂದು ಎಳೆಯೂ ತುಂಡಾಗಿರಲಿಲ್ಲ. ನೆನೆದು ಊದಿದ ಗಂಟುಗಳು ಅವು, ನಾವೇ ಕಟ್ಟಿದ್ದು. ಒಂದನ್ನು ಬಿಚ್ಚಲು ಹಲ್ಲು ಹಾಕಬೇಕು. ಥೋಹಿರಾಗೆ ಈಜು ಬರುವುದಿಲ್ಲ.

ಹಗ್ಗವನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಕಂಬದ ತುದಿಯ ಮೇಲೆ ಇಟ್ಟಿದ್ದರು. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ. ಆದರೆ ಅದನ್ನು ಇಳಿಸಿದ್ದು ಈ ಕೈ. ರಾತ್ರಿಯೆಲ್ಲ ಮಳೆ ಸುರಿದಿತ್ತು, ನಾನು ಎತ್ತಿಕೊಳ್ಳುವಾಗಲೂ ಮಳೆ ಹನಿಯುತ್ತಿತ್ತು.

ಸುರುಳಿ ಒಣಗಿತ್ತು.