ಮಾವನ ಮ್ಯಾಲ ಸುರಿದ ಫರಸಿ ನೀರು

ಅದಕ್ಕ ಹೇಳಾಕತ್ತೀನಿ, ಬ್ಯಾಟು ಅಲ್ಲೇ ಮೂಲ್ಯಾಗ ಇಡು, ಬಿಸಲು ಇಳಿಯೋತನ ಕಟ್ಟಿ ಇಳಿಯಂಗಿಲ್ಲ ಅಂದ್ರ ಇಳಿಯಂಗಿಲ್ಲ. ಏನಂದಿ ಪಿಂಕಿ? "ಆಯಿ, ನಿಮ್ಮ ಕಾಲದಾಗ ಬಿಸಲು ಇರ್ಲಿಲ್ಲೇನು?" ಇತ್ತವ್ವ, ಯಾಕ ಇರ್ಲಿಲ್ಲ. ಆದ್ರ ಇಂಥಾ ಧಗಿ ಆವಾಗ ಮೇ ತಿಂಗಳಾಗ ನಾಕು ದಿನ ಬಂದು ಹೋಗ್ತಿತ್ತು, ಈಗ ನೋಡು, ಹೋಳಿ ಬಣ್ಣ ಮೈಮ್ಯಾಲಿಂದ ಹೋಗೂದರೊಳಗ ಸುರು ಆಗ್ತದ. ಆ ನಾಕು ದಿನದಾಗೇ ನಮ್ಮ ಮಾವ, ಅಂದ್ರ ನಿಮ್ಮ ಮುತ್ಯಾನ ಅಪ್ಪ, ಹೋಗೇಬಿಡ್ತಿದ್ರು. ನಗಬ್ಯಾಡ್ರಿ, ಖರೇನೇ ಹೇಳಾಕತ್ತೀನಿ. ನಗೂದು ಆಮ್ಯಾಲ ಅದ.

ನಾ ಆವಾಗ ಭಂಕೂರಕ್ಕ ಸೊಸಿಯಾಗಿ ಬಂದು ನಾಕು ವರ್ಷ, ಅಲ್ಲ, ಐದು ವರ್ಷ, ಯಾಕಂದ್ರ ನಿಮ್ಮಪ್ಪ ನಡಿಯಾಕ ಕಲ್ತಿದ್ದ. ಐದು ವರ್ಷದಾಗ ಮಾವನ ಮುಂದ ಒಂದು ಮಾತು ಆಡಿದಾಕಿ ಅಲ್ಲ ನಾ. ತಲಿಮ್ಯಾಲ ಸೆರಗು, ಬಾಯಿಗೆ ಬೀಗ. ಮತ್ತ ಊಟಕ್ಕ ಹೆಂಗ ಕರೀಬೇಕು ಹೇಳು? ಅಂಗಳದಾಗ ಒಂದು ಕರಿ ಆಡು ಇತ್ತು, ಅದಕ್ಕ ಹೇಳ್ತಿದ್ದೆ. "ಏ ಆಡೇ, ರೊಟ್ಟಿ ಆಗ್ಯಾವ, ಬರ್ರಿ ಅಂತ ಹೇಳು." ಮಾವ ಒಂದ್ಸಲ ಕೆಮ್ಮಿ ಎದ್ದು ಬರ್ತಿದ್ರು. ಆಡು ನಮ್ಮ ಮನಿ ವಕೀಲ ಇದ್ದಂಗ, ತಿಳೀತೋ ಇಲ್ಲೋ? ಎಲ್ಲಾ ಮನ್ಯಾಗೂ ಹಂಗೇ ಇತ್ತು ಬಿಡು, ಕೆಲವ್ರು ಗ್ವಾಡಿಗೆ ಹೇಳ್ತಿದ್ರು.

ನಿಮ್ಮ ಮುತ್ಯಾ ವಾಡಿ ಸಿಮಿಟಿನ ಫ್ಯಾಕ್ಟರಿಗೆ ಹೋಗ್ತಿದ್ದ, ನಾನೂ ಮಾವನೂ ಊರ ಬಾಜೂಕಿನ, ನೆಲಕ್ಕ ಹಾಸೋ ಫರಸಿ ಕಲ್ಲಿನ ಕಾರಖಾನಿಗೆ. ಮಾವ ಬಯಲಾಗ ಕುಂತು ಉಳಿ ಹಿಡದು ಕಲ್ಲಿನ ಅಂಚು ಒಡೀತಿದ್ರು, ನಾ ನೆಳ್ಳಾಗ ಪಾಲಿಷ್ ಮಷಿನ್ ಹತ್ರ. ಆ ಮಷಿನಿಗೆ ಸದಾ ನೀರು ಹರೀತಿರ್ಬೇಕು, ಹರದ ನೀರು ಒಂದು ಟಾಕ್ಯಾಗ ಬಂದು ನಿಲ್ತಿತ್ತು, ಕಲ್ಲಿನ ಹಿಟ್ಟು ಕೂಡಿ ಹಾಲಿನಂಗ ಬೆಳ್ಳಗ. ಅವತ್ತು ಮಾವ ಮುಂಜಾನಿಂದ ಒಂದು ಹನಿ ನೀರು ಕುಡದಿಲ್ಲ, ನಾ ನೋಡಾಕತ್ತೀನಿ. ಕುಡೀರಿ ಅನ್ಲಾಕ ಆಡು ಮನ್ಯಾಗ ಅದ! ತಂಬಿಗಿ ಒಯ್ದು ಬಾಜೂಕ ಇಟ್ಟು ಬಳಿ ಸಪ್ಪಳ ಮಾಡಿದೆ, ಖಣ್ ಖಣ್. ಅವರು ಕತ್ತು ಎತ್ತಲಿಲ್ಲ. ಬಾಯಿ ಬಿಟ್ಟು ಹೇಳಿದ್ರ ಏನಾಗ್ತಿತ್ತು ನಂಗ? ಹೇಳ್ಲಿಲ್ಲ.

ಮಧ್ಯಾಹ್ನ ಆತು. ಮಾವ ಎದ್ದು ನಿಂತ್ರು, ಜೋಲಿ ಹೊಡದ್ರು, ಏನೇನೋ ಬಡಬಡಿಸಿ ಧೊಪ್ಪಂತ ಬಿದ್ರು. ಮಂದಿ ಓಡಿ ಬಂತು. ಮುಟ್ಟಿ ನೋಡಿದವ್ರು, "ಯಪ್ಪಾ, ಕೆಂಡ ಆಗ್ಯಾದ ಮೈ! ಜ್ವರ ಬಂದಾವ, ಕಂಬಳಿ ತರ್ರಿ, ಬಾಯಾಗ ನೀರು ಹಾಕ್ರಿ!" ಆ ಬಿಸಲಾಗ ಕಂಬಳಿ ಹೊಚ್ಚೇಬಿಟ್ರವ್ವ! ನಂಗ ನರ್ಸಬಾಯಿ ಮಾತು ನೆನಪಾತು. ನಿಮ್ಮಪ್ಪಗ ಸೂಜಿ ಹಾಕ್ಸಾಕ ಹೋದಾಗ ಹೇಳಿದ್ಲು, "ಬಿಸಲಾಗ ದುಡಿಯೋರು ಮೈ ಕಾದು, ಮಾತು ತಪ್ಪಿ ಬಿದ್ರ ಅದು ಜ್ವರ ಅಲ್ಲ, ಬಿಸಲು ಬಡದಾದ. ನೆಳ್ಳಿಗೆ ಒಯ್ದು ನೀರು ಸುರಿ, ಗಾಳಿ ಹಾಕು, ಹಂಗೇ ದವಾಖಾನಿಗೆ ಓಡು. ಎಚ್ಚರಿಲ್ಲದವರ ಬಾಯಾಗ ಮಾತ್ರ ಏನೂ ಹಾಕಬ್ಯಾಡ, ಉಸರು ಕಟ್ತದ." ಎಲ್ಲಾ ಗೊತ್ತದ ನಂಗ. ಆದ್ರ ಮಾವನ ಮೈ ಮುಟ್ಟೋದು? ರುಮಾಲು ಬಿಚ್ಚೋದು? ಆ ರುಮಾಲಿಲ್ಲದ ತಲಿ ನಮ್ಮತ್ತಿ ನೋಡಿದ್ಲೋ ಇಲ್ಲೋ! ಇನ್ನೊಂದು ಗಳಿಗಿ ಸುಮ್ಮ ನಿಂತ್ರ ಮನಿಗೆ ಹೆಣ ಒಯ್ಯಬೇಕಾಗ್ತದ ಅನಿಸ್ತು.

"ತೆಗೀರಿ ಆ ಕಂಬಳಿ!" ಅಂತ ಒದರಿದೆ ನೋಡು, ಹೊಚ್ಚಿದವ್ರೇ ಎಳದು ತೆಗದ್ರು. ನೆಳ್ಳಾಗಿನ ತಂಪು ಫರಸಿಮ್ಯಾಲ ಮಲಗಿಸ್ಲಾಕ ಹಚ್ಚಿದೆ, ಅಂಗಿ ಗುಂಡಿ ಕಿತ್ತೆ, ರುಮಾಲು ಬಿಚ್ಚಿ ಅದನ್ನೇ ತೋಯ್ಸಿ ಕುತ್ತಿಗಿಗೆ, ಬಗಲಿಗೆ ಇಟ್ಟೆ. ಟಾಕ್ಯಾಗಿನ ನೀರು ಬಕೇಟು ಬಕೇಟು ಸುರದೆ. ಒಬ್ಬವ ಗೋಣಿಚೀಲದಿಂದ ಗಾಳಿ ಹಾಕಿದ. "ಮಾವಾ, ಕಣ್ಣು ತೆಗೀರಿ! ಮೊಮ್ಮಗ ಹಾದಿ ನೋಡಾಕತ್ತಾನ, ಏಳ್ರೀ!" ನನ್ನ ಸೆರಗು ಎಲ್ಲಿ ಬಿದ್ದಿತ್ತೋ ನಂಗೇ ಗೊತ್ತಿಲ್ಲ. ಕಲ್ಲಿನ ಟ್ರ್ಯಾಕ್ಟರ್‌ದಾಗ ಹಾಕ್ಕೊಂಡು ಶಹಾಬಾದ ದವಾಖಾನಿ ತನಾ ನೀರು ಹಾಕ್ಕೋತೇ ಹೋದ್ವಿ. ಬಾಗಿಲದಾಗ ಮಾವ ಕಣ್ಣು ತೆಗದ್ರು. ಕೈ ನೋಡ್ಕೊಂಡ್ರು, ಕಲ್ಲಿನ ಹಿಟ್ಟು ಮೆತ್ತಿ ಸುಣ್ಣ ಬಳದ ಗ್ವಾಡಿ ಆಗ್ಯಾವ. "ಸತ್ನೇನ್ರಪ್ಪಾ ನಾ? ಇದ್ಯಾರದು ಹೆಣ್ಮಗಳ ಧ್ವನಿ, ಇಷ್ಟು ಜೋರು ಎಂದೂ ಕೇಳಿಲ್ಲಲ್ಲ!" ನಗ್ರಿ, ಈಗ ನಗ್ರಿ. ಡಾಕ್ಟರ್ ಸಲಾಯಿನ್ ಹಚ್ಚಿ, "ದಾರ್ಯಾಗೇ ತಂಪು ಮಾಡಿದ್ದಕ್ಕ ಉಳದಾರ" ಅಂದ್ರು. ನಾ ಗ್ವಾಡಿ ಕಡಿ ಮುಖ ಮಾಡಿ ಭಾಳ ಅತ್ತೆ.

ಮೂರನೇ ದಿನ ಮನಿಗೆ ಬಂದ್ರು. ನಾ ಮತ್ತ ಸೆರಗು ಹೊತ್ಕೊಂಡೆ, ಮತ್ತ ಅದೇ ವಕೀಲ. "ಏ ಆಡೇ, ಮಜ್ಜಿಗಿ ತಂದೀನಿ, ಕುಡೀರಿ ಅಂತ ಹೇಳು." ಮಾವ ಕೆಮ್ಮಲಿಲ್ಲ. ಆಡಿನ ಕಡಿ ತಿರುಗಿ ಕುಂತು, "ಏ ಆಡೇ, ನಮ್ಮ ಸೊಸಿಗೆ ಹೇಳು. ಊರ ಮಂದಿ ಮುಂದ ಒದರಿ ನನ್ನ ಜೀವ ಉಳಿಸಿದಾಕಿ ಈಗ್ಯಾಕ ಬಾಯಿ ಮುಚ್ಕೊಂಡಾಳ? ಅಕಿ ಹೇಳಿದ್ರ ಕುಡೀತೀನಿ, ನೀ ಹೇಳಿದ್ರ ಕುಡಿಯಂಗಿಲ್ಲ." ಒಳಗ ನಮ್ಮತ್ತಿ ಖೊಕ್ಕಂತ ನಕ್ಲು. ನಂಗ ಅಳೂನೂ ಬಂತು, ನಗೂನೂ ಬಂತು. "ಕುಡೀರಿ ಮಾವ" ಅಂದೆ. ಗಟಗಟ ಕುಡದ್ರು. ಆಮ್ಯಾಲ ಸಾಯೋತನ ಬ್ಯಾಸಗಿ ಬಂತಂದ್ರ ತಾವೇ ರುಮಾಲು ಬಿಚ್ಚಿ ಕೊಡ್ತಿದ್ರು, "ತೋಯ್ಸಿ ಕೊಡವ್ವ" ಅಂತ.

ಮರ್ಯಾದಿ ಎಲ್ಲಿಗೂ ಓಡಿ ಹೋಗಂಗಿಲ್ಲವ್ವ, ಮನುಷ್ಯಾ ಹೋಗ್ತಾನ. ಬಾಯಿ ಬಿಟ್ಟು ಹೇಳೋದು ಹೇಳೇಬಿಡಬೇಕು. ಹಿಡಿ, ಮಜ್ಜಿಗಿ ಕುಡಿ. ಏನು, ಆಡಿನ ಕೈಲೆ ಹೇಳಿಸ್ಬೇಕೇನು?